ನಿಕ್ಕಲ್ ಒಣಗುವವರೆಗೆ

ಅದು ಕರ್ಪೂರದ ವಾಸನೆಯೇ ಆಗಿತ್ತೆ? ಅಥವಾ ತನಗೆ ಬೇಕಾದ ವಾಸನೆಯನ್ನು ಮೂಗೇ ಹುಟ್ಟಿಸಿಕೊಂಡಿತೆ?

ಅಮೆರಿಕದ ಕೆಂಡಲ್ ಪಾರ್ಕಿನ ಆ ಬೀದಿಯಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿದ ಮೇಲೂ ಬೋರಲಿಂಗಯ್ಯ ಸ್ಟಿಯರಿಂಗ್ ಹಿಡಿದೇ ಕುಳಿತಿದ್ದ. ಆಸ್ಪತ್ರೆಯವರು ಕತ್ತರಿಸಿ ತೆಗೆದ ಶ್ರೀನಿವಾಸನ ಅಂಗಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅವನ ಹೆಂಡತಿ ಮಂಜರಿಯ ಕೈಗೆ ಕೊಟ್ಟಿದ್ದರು. ಬೆಳಿಗ್ಗೆ ಆ ಚೀಲ ಬಿಚ್ಚಿದಾಗ, ಸುಟ್ಟ ಬಟ್ಟೆಯ ಕಮಟಿನ ಅಡಿಯಲ್ಲಿ ಇನ್ನೇನೋ ಇತ್ತು.

"ದೇವರ ಮನೆ ವಾಸನೆ ಬರ್ತಿದೆ ಅಲ್ವಾ ಸರ್?" ಎಂದವಳು ಮಂಜರಿ.

ಅವಳು ಕೇಳಿದ ಮೇಲೆ ತನಗೆ ಆ ವಾಸನೆ ಬಂತೋ, ತನಗೆ ಬಂದ ಮೇಲೆ ಅವಳು ಕೇಳಿದಳೋ, ಈಗ ಎಷ್ಟು ಯೋಚಿಸಿದರೂ ತಿಳಿಯುತ್ತಿರಲಿಲ್ಲ. ವಾಸನೆಯನ್ನು ಮುದ್ರೆ ಒತ್ತಿ ಇಡಲಾಗದು. ಅದನ್ನು ಕೋರ್ಟಿನಲ್ಲಿ ಮೇಜಿನ ಮೇಲಿಟ್ಟು ತೋರಿಸಲಾಗದು.

ಮಾನ್ಮತ್ ಜಂಕ್ಷನ್‌ನ ಹಾಲೋವೆಲ್ ಫೈನ್ ಕೆಮಿಕಲ್ಸ್‌ನಲ್ಲಿ, ಶ್ರೀನಿವಾಸ ಸೋಸುಯಂತ್ರದ ಮುಚ್ಚಳ ತೆರೆದ ಗಳಿಗೆಯಲ್ಲಿ ಎದ್ದ ಬೆಂಕಿ ಅವನ ಎದೆ, ಕುತ್ತಿಗೆ, ಎರಡೂ ಕೈಗಳನ್ನು ತಿಂದುಹಾಕಿತ್ತು. ಅಂದಿನಿಂದ ಅವನಿಗೆ ಎಚ್ಚರವಿಲ್ಲ. ಬೆಂಕಿ ಹೇಗೆ ಹತ್ತಿತೆಂದು ಇನ್ಶೂರೆನ್ಸ್ ಕಂಪನಿಯ ಪರವಾಗಿ ಪತ್ತೆ ಮಾಡಬೇಕಾದವನು ಬೋರಲಿಂಗಯ್ಯ. ಸೋಮವಾರ ಅವನ ವರದಿ ಹೋಗಬೇಕು. ಅದರಲ್ಲಿ ಒಂದು ಹೆಸರಿರಬೇಕು.

ಇಲ್ಲಿಯವರೆಗೆ ಆ ಜಾಗದಲ್ಲಿ ಶ್ರೀನಿವಾಸನ ಹೆಸರೇ ಇತ್ತು. ಅದು ಅಲ್ಲೇ ಉಳಿದರೆ, ಆಸ್ಪತ್ರೆಯ ಹಾಸಿಗೆಯಿಂದ ಅವನು ಏಳುವ ಹೊತ್ತಿಗೆ ಕೆಲಸವಿಲ್ಲ, ವೀಸಾ ಇಲ್ಲ. ತನ್ನ ತಪ್ಪಿನಿಂದ ತಾನೇ ಸುಟ್ಟುಕೊಂಡವನೆಂಬ ಮಾತು ಮಾತ್ರ ಇರುತ್ತದೆ.

ಬೋರಲಿಂಗಯ್ಯ ಪಕ್ಕದ ಸೀಟಿನಿಂದ ಕಾಗದದ ಚೀಲ ಎತ್ತಿಕೊಂಡು ಇಳಿದ.

ನಾಗಲಿಂಗಪ್ಪನವರು ಹಿತ್ತಿಲಲ್ಲಿ ಒಣಗಿದ ಮೇಪಲ್ ಎಲೆಗಳನ್ನು ಗೋರುತ್ತಿದ್ದರು. ತಲೆಗೆ ಉಣ್ಣೆ ಟೋಪಿ, ಮೈಮೇಲೆ ಕಂಪನಿಯ ಹೆಸರಿದ್ದ ನೀಲಿ ಜಾಕೆಟ್. ಹಾಲೋವೆಲ್‌ನಲ್ಲಿ ಹೈಡ್ರೋಜನ್ ವಿಭಾಗವನ್ನು ಕಟ್ಟಿದವರೇ ಅವರು. ದಾವಣಗೆರೆಯ ಮಾತನ್ನು ಈ ದೇಶದ ಇಷ್ಟು ಚಳಿಗಾಲಗಳೂ ಅಳಿಸಿರಲಿಲ್ಲ.

"ಬಾರಪಾ ಇನ್ಶೂರೆನ್ಸು! ಶನಿವಾರನೂ ಬಿಡಂಗಿಲ್ಲಲ್ಲೋ ನೀ. ನಿಮ್ಮ ಕಂಪನಿಯವರು ಓವರ್‌ಟೈಮ್ ಕೊಡ್ತಾರೋ, ಇಲ್ಲ ಮಂದಿ ಮನಿ ಕಾಫಿ ಕುಡ್ಕೊಂಡು ಬಾ ಅಂತಾರೋ?"

"ಕಾಫಿ ಮಾತ್ರ ಅಂಕಲ್."

"ಪದ್ಮಾ! ಮೈಸೂರಿನಾವ ಬಂದಾನ. ನೀರು ಕಡಿಮಿ ಹಾಕು, ಆಮ್ಯಾಲ ಊರೆಲ್ಲ ಹೇಳಿಕೋತ ಹೋಗ್ತಾನ."

ಗಾಜಿನ ಬಾಗಿಲ ಹಿಂದಿನಿಂದ ಅವರ ಹೆಂಡತಿ ಪದ್ಮಜಾ ಕೈಯೆತ್ತಿದರು. ಅವರು ನಗುತ್ತಿದ್ದರು. ಆದರೆ ಕೈ ಇಳಿಸುವುದನ್ನು ಮರೆತವರಂತೆ ಸ್ವಲ್ಪ ಹೊತ್ತು ಹಾಗೇ ನಿಂತಿದ್ದು ಬೋರಲಿಂಗಯ್ಯನ ಕಣ್ಣಿಗೆ ಬಿತ್ತು.

ಮನೆಯ ಹಿಂದಿನ ಮರದ ಡೆಕ್ಕಿನ ಮೇಲೆ, ಬಾರ್ಬಿಕ್ಯೂ ಒಲೆಯ ಪಕ್ಕದ ಮೇಜಿಗೆ ಇಬ್ಬರೂ ಕುಳಿತರು. ನೆರೆಮನೆಯಲ್ಲಿ ಎಲೆ ಊದುವ ಯಂತ್ರ ಕಿವಿ ಕೊರೆಯುವಂತೆ ಅರಚುತ್ತಿತ್ತು.

"ಅಂಕಲ್, ಇನ್ನೊಂದ್ಸಲ ಹೇಳ್ತೀರಾ? ಆ ಬ್ಯಾಚಿಗೆ ಏನಾಯ್ತು ಅಂತ."

"ಎಷ್ಟು ಸಲ ಹೇಳ್ಲಪಾ? ಫೀನಾಲಿನ ಆ ಡ್ರಮ್ಮಿನಾಗ ಗಂಧಕ ಇತ್ತು. ಗಂಧಕ ಅಂದ್ರ ನಿಕ್ಕಲ್‌ಗೆ ವಿಷ. ಅರ್ಧ ದಾರಿಗೆ ಕ್ಯಾಟಲಿಸ್ಟ್ ಸತ್ತುಹೋತು. ಒತ್ತಡ ಇಳಿಯೋದು ನಿಂತಿತು, ಅಂದ್ರ ಹೈಡ್ರೋಜನ್ ತಗೊಳ್ಳೋದು ನಿಂತಿತು. ನಾ ಬ್ಯಾಚ್ ನಿಲ್ಲಿಸಿ, ಸೋಸಿ, ಮನಿಗೆ ಬಂದೆ."

"ಸೋಸುಯಂತ್ರದಲ್ಲಿ ಉಳಿದಿದ್ದು ಸತ್ತ ನಿಕ್ಕಲ್."

"ಸತ್ತದ್ದು. ಮಣ್ಣಿದ್ದಂಗ. ಮಣ್ಣಿಗೆ ಬೆಂಕಿ ಹತ್ತತೈತೇನು? ಆ ಹುಡುಗನ ಲಾಕರಿನಾಗ ಸಿಗರೇಟು ಸಿಕ್ಕಾವ. ಹೆಂಡತಿಗೆ ಗೊತ್ತಿಲ್ಲ, ಪಾಪ. ನಾನೂ ಆಕಿಗೆ ಹೇಳಿಲ್ಲ."

ಹೇಳಿಲ್ಲ ಎಂಬ ಮಾತನ್ನು ಅವರು ದೊಡ್ಡ ಉಪಕಾರದಂತೆ ಮೇಜಿನ ಮೇಲಿಟ್ಟರು.

ಬೋರಲಿಂಗಯ್ಯ ಮೈಸೂರಿನಲ್ಲಿ ಎಂ.ಎಸ್ಸಿ. ಮಾಡುವಾಗ ಕಲಿತದ್ದರಲ್ಲಿ ಮರೆಯದೆ ಉಳಿದದ್ದು ಕಡಿಮೆ. ಉಳಿದದ್ದರಲ್ಲಿ ಇದೊಂದು. ಫೀನಾಲ್ ಎಂದರೆ ಆಸ್ಪತ್ರೆಯ ನೆಲ ಒರೆಸಿದ ವಾಸನೆ. ಅದರ ಆರು ಕಾರ್ಬನ್‌ಗಳ ಉಂಗುರ ಬಲು ಹಟಮಾರಿ. ನಿಕ್ಕಲ್ ಪುಡಿಯ ಮೈಗೆ ಒತ್ತಿ ಹಿಡಿದು, ಕಾವು ಕೊಟ್ಟು, ಮೇಲಿಂದ ಹೈಡ್ರೋಜನ್ ತುಂಬುತ್ತ ಹೋದರೆ ಮಾತ್ರ ಅದು ಮಣಿಯುತ್ತದೆ. ಮಣಿದ ಮೇಲೆ ಆಸ್ಪತ್ರೆಯ ವಾಸನೆ ಮಾಯವಾಗಿ ಕರ್ಪೂರದಂಥದೊಂದು ಘಮ ಏಳುತ್ತದೆ.

ಕ್ಯಾಟಲಿಸ್ಟ್ ಅರ್ಧದಲ್ಲಿ ಸತ್ತಿದ್ದರೆ ಶ್ರೀನಿಯ ಅಂಗಿ ಫೀನಾಲ್ ನಾರಬೇಕಿತ್ತು. ಫೀನಾಲ್ ಇದ್ದಲ್ಲಿ ಬೇರೆ ಯಾವ ವಾಸನೆಯೂ ತಲೆ ಎತ್ತುವುದಿಲ್ಲ.

"ಅಂಕಲ್, ಶ್ರೀನಿಯ ಅಂಗಿ ಕರ್ಪೂರದ ವಾಸನೆ ಹೊಡೀತಿತ್ತು."

ಕುಳಿತ ಮೇಲೂ ನಾಗಲಿಂಗಪ್ಪನವರ ಕೈಯಲ್ಲೇ ಇದ್ದ ಎಲೆಗೋರೆ ಒಂದು ಸಲ ನೆಲ ಗೀರಿ ನಿಂತಿತು.

"ಯಾರಂದ್ರು?"

"ನನ್ನ ಮೂಗು."

"ನಿನ್ನ ಮೂಗು!" ಅವರು ಜೋರಾಗಿ ನಕ್ಕರು. "ಮಂಜರಿ ಆಸ್ಪತ್ರಿಗೆ ಮಂಗಳಾರತಿ ತಗೊಂಡು ಹೋಗಿರಬೇಕು. ಅದನ್ನ ರಿಪೋರ್ಟಿನಾಗ ಬರೀತಿಯೇನು? ಬರಿ. ಇನ್ಸ್‌ಪೆಕ್ಟೆಡ್ ಬೈ ನೋಸ್ ಅಂತ ಸಹಿ ಹಾಕು."

"ಆಕ್ಸಿಜನ್ ಹಾಕಿರೋ ರೂಮಲ್ಲಿ ಕಡ್ಡಿ ಗೀರೋಕೆ ಯಾರೂ ಬಿಡಲ್ಲ ಅಂಕಲ್."

ಬೋರಲಿಂಗಯ್ಯ ಕಾಗದದ ಚೀಲದಿಂದ ಒಂದು ಸಣ್ಣ ಶೀಷೆ ತೆಗೆದು ಮೇಜಿನ ಮೇಲಿಟ್ಟ. ನೀರಿನ ಅಡಿಯಲ್ಲಿ ಬೆರಳುಗಾತ್ರದ ಕರಿಯ ಕೆಸರು.

"ಸೋಸುಯಂತ್ರದ ಕೆಳಗಿನ ಪೈಪಿನ ತಿರುವಲ್ಲಿ ಸಿಕ್ತು. ಫೈರ್ ಎಂಜಿನ್ನಿನ ನೀರು ಅಲ್ಲೇ ನಿಂತಿತ್ತು, ಅದಕ್ಕೇ ಸುಡದೆ ಉಳಿದಿದೆ. ತನಿಖೆಗೆ ಬಂದಿದ್ದ ಫೈರ್ ಮಾರ್ಷಲ್ ತಮ್ಮ ಪಾಲು ಇಟ್ಕೊಂಡು ನನ್ನ ಪಾಲು ಕೊಟ್ಟಿದ್ದಾರೆ. ಇದು ಸತ್ತಿದೆ ಅಂತೀರಾ?"

"ಹೇಳೀನಲ್ಲ."

"ಹಾಗಾದ್ರೆ ಒಂದು ಕಾಫಿ ಫಿಲ್ಟರ್ ಕೊಡಿಸ್ತೀರಾ? ಕಾಗದದ್ದು."

ಅವನು ಏನು ಮಾಡಹೊರಟಿದ್ದಾನೆಂದು ನಾಗಲಿಂಗಪ್ಪನವರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಆ ಪರೀಕ್ಷೆಯನ್ನು ಹಾಲೋವೆಲ್‌ನಲ್ಲಿ ಕಡ್ಡಾಯ ಮಾಡಿದವರೇ ಅವರು. ಸೋಸುಯಂತ್ರ ತೆರೆಯುವ ಮೊದಲು ಚಿಟಿಕೆ ನಿಕ್ಕಲ್ ತೆಗೆದು ಕಾಗದದ ಮೇಲೆ ಒಣಗಿಸಬೇಕು. ಸತ್ತದ್ದು ಒಣಗಿ ಬೂದಿಯಂತೆ ಬಿದ್ದಿರುತ್ತದೆ. ಜೀವವಿದ್ದದ್ದು ನೀರಿನ ಹೊದಿಕೆ ಆರಿದ ಕೂಡಲೇ ಗಾಳಿ ತಾಗಿ ತಾನಾಗಿ ಕೆಂಪಾಗುತ್ತದೆ.

ಪ್ಲಾಂಟಿನಲ್ಲಿ ಆ ನಿಯಮವನ್ನು ಎಲ್ಲರೂ ಪಾಲಿಸುತ್ತಿದ್ದರು. ಶ್ರೀನಿವಾಸ ಮಾತ್ರ ಅಂದು ಪಾಲಿಸಿರಲಿಲ್ಲ. ಯಾಕೆಂದು ಬೋರಲಿಂಗಯ್ಯನಿಗೆ ಹೊಳೆದಿದ್ದು ನಿನ್ನೆ, ಹಲ್ಲುಜ್ಜುವಾಗ. ಸತ್ತಿದೆಯೆಂದು ಹಿರಿಯರೊಬ್ಬರು ಹೇಳಿದ ಮೇಲೆ ಕಾಗದ ಹಾಸಿ ಪರೀಕ್ಷೆ ಮಾಡುವುದೆಂದರೆ, ಅವರನ್ನು ಸುಳ್ಳುಗಾರರೆಂದು ಕರೆದ ಹಾಗೆ. ಅಮೆರಿಕದ ಹುಡುಗನಾಗಿದ್ದರೆ ಎರಡನೆಯ ಯೋಚನೆಯಿಲ್ಲದೆ ಕಾಗದ ಹಾಸುತ್ತಿದ್ದ. ನಮ್ಮವನು ಹಾಸುವುದಿಲ್ಲ. ತಾನಾಗಿದ್ದರೂ ಹಾಸುತ್ತಿರಲಿಲ್ಲ.

ಈಗ ಹಾಸಬೇಕಿತ್ತು. ಕೈ ಹಿಂಜರಿಯಿತು.

ಪದ್ಮಜಾ ಕಾಫಿಯ ಜೊತೆಗೇ ಬಿಳಿಯ ಕಾಗದದ ಫಿಲ್ಟರ್ ತಂದಿಟ್ಟರು. ಯಾಕೆಂದು ಕೇಳಲಿಲ್ಲ. ಒಳಗೂ ಹೋಗಲಿಲ್ಲ. ಬಾಗಿಲ ಬಳಿಯೇ ಸೆರಗಿನ ಮೇಲೆ ಸ್ವೆಟರ್ ಎಳೆದುಕೊಂಡು ನಿಂತರು.

ಬೋರಲಿಂಗಯ್ಯ ಬಾರ್ಬಿಕ್ಯೂವಿನ ಕಬ್ಬಿಣದ ಜಾಲರಿಯ ಮೇಲೆ ಫಿಲ್ಟರ್ ಹರಡಿದ. ಕಡ್ಡಿಯಿಂದ ಚಿಟಿಕೆ ಕೆಸರು ತೆಗೆದು ನಡುವೆ ಸವರಿದ. ಬೇಗ ಆರಲೆಂದು ಚೀಲದಲ್ಲಿ ತಂದಿದ್ದ ರಬ್ಬಿಂಗ್ ಆಲ್ಕೋಹಾಲ್ ಎರಡು ಹನಿ ಬಿಟ್ಟ.

ಮೂವರೂ ಆ ಕರಿಯ ಕಲೆಯನ್ನು ನೋಡುತ್ತ ಕಾದರು.

"ಎಷ್ಟು ವರ್ಷ ಆತು ಗೊತ್ತೇನು, ನಾ ಈ ನಿಕ್ಕಲ್ ಜೊತಿ ಸಂಸಾರ ಮಾಡಾಕತ್ತು?" ನಾಗಲಿಂಗಪ್ಪ ಶುರುಮಾಡಿದರು. "ಪದ್ಮಾಗಿಂತ ಮೊದಲ ಇದು ಗಂಟು ಬಿದ್ದಿದ್ದು. ಇಬ್ಬರದ್ದೂ ಒಂದ ಗುಣ. ಒಣಗಾಕ ಬಿಡಬಾರದು."

ಯಾರೂ ನಗಲಿಲ್ಲ.

"ಶ್ರೀನಿ ನಿಕ್ಕಲ್ ಬದಲು ರೋಡಿಯಂ ಹಾಕಿ ನೋಡ್ತಿದ್ನಂತೆ?" ಬೋರಲಿಂಗಯ್ಯ ಕೇಳಿದ.

"ಹಾಕ್ತಿದ್ದ. ಇದ್ದಿಲಪುಡಿ ಮ್ಯಾಲ ರೋಡಿಯಂ. ಉಗುರುಬೆಚ್ಚಗಿದ್ರ ಸಾಕಂತ, ಇಷ್ಟು ಒತ್ತಡ ಬ್ಯಾಡಂತ, ಫೀನಾಲಿನ ಉಂಗುರ ತಾನಾಗೇ ಕಾಲಿಗೆ ಬೀಳ್ತತಂತ." ನಾಗಲಿಂಗಪ್ಪ ಸೊಟ್ಟಗೆ ನಕ್ಕರು. "ಬಂಗಾರಕ್ಕಿಂತ ತುಟ್ಟಿ. ಹುಡುಗರಿಗೆ ಅದೆಲ್ಲ ಎಲ್ಲಿ ಗೊತ್ತಾಗ್ತದ."

"ಮೇಲಿನವರಿಗೆ ಇಷ್ಟ ಆಗಿತ್ತಂತಲ್ಲ. ನಿಮ್ಮ ನಿಕ್ಕಲ್ ವಿಭಾಗ ಮುಚ್ಚೋ ಮಾತಿತ್ತು ಅಂತ ಕೇಳ್ದೆ."

"ಮಾತು ಭಾಳ ಇರ್ತಾವ."

ನೆರೆಮನೆಯ ಯಂತ್ರ ನಿಂತಿತು. ಹಠಾತ್ತನೆ ಇಡೀ ಬೀದಿ ಖಾಲಿಯಾದ ಹಾಗಿತ್ತು. ಕಾಫಿಯ ಮೇಲೆ ಕೆನೆ ಕಟ್ಟುತ್ತಿತ್ತು.

ಕಲೆಯ ಅಂಚು ಕರಿಯಿಂದ ಬೂದುಬಣ್ಣಕ್ಕೆ ತಿರುಗಿತು. ಬೂದು ಬಣ್ಣ ಒಳಮುಖವಾಗಿ ಹರಡಿತು. ಇಷ್ಟು ಹೊತ್ತಿಗೆ ಏನಾದರೂ ಆಗಬೇಕಿತ್ತು, ಆಗಲಿಲ್ಲ. ಬೋರಲಿಂಗಯ್ಯ ಶೀಷೆಯ ಮುಚ್ಚಳ ತಿರುಗಿಸಿ ಮುಚ್ಚಿದ. ಹಾಗಾದರೆ ಅದು ಕರ್ಪೂರವಲ್ಲ. ಮೂಗು ಸುಳ್ಳು ಹೇಳಿತು. ಸೋಮವಾರ ಶ್ರೀನಿಯ ಹೆಸರನ್ನೇ ಬರೆಯಬೇಕು.

ನಾಗಲಿಂಗಪ್ಪ ಬಟ್ಟಲಿಗೆ ಕೈ ಚಾಚಿದರು. "ನಾ ಹೇಳಿದ್ನೋ ಇಲ್ಲೋ? ನೋಡಪಾ..."

ಗಾಳಿ ಬೀಸಿತು.

ಕಲೆಯ ತುದಿಯಲ್ಲಿ ಸೂಜಿಮೊನೆಯಷ್ಟು ಕೆಂಪು ಕಂಡಿತು. ಅದರ ಪಕ್ಕದಲ್ಲಿ ಇನ್ನೊಂದು. ನೋಡನೋಡುತ್ತಿದ್ದ ಹಾಗೆ ಕೆಂಪು ಹುಳುಗಳು ಕಲೆಯ ಉದ್ದಗಲಕ್ಕೆ ಹರಿದಾಡಿದವು. ಕಾಗದ ಮೊದಲು ಕಂದಾಯಿತು, ಆಮೇಲೆ ಕಪ್ಪಾಯಿತು, ಆಮೇಲೆ ಯಾರೂ ಕಡ್ಡಿ ಗೀರದೆ, ಯಾರ ಸಿಗರೇಟೂ ಇಲ್ಲದೆ, ಭಗ್ಗೆಂದು ಉರಿಯಿತು.

ಪದ್ಮಜಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು.

ನಾಗಲಿಂಗಪ್ಪ ಬಟ್ಟಲಿನ ಕಾಫಿಯನ್ನೇ ಅದರ ಮೇಲೆ ಸುರಿದರು. ಚುಯ್ಯೆಂದು ಹೊಗೆ ಎದ್ದಿತು. ಅವರು ಬೆಚ್ಚಿಬಿದ್ದಿರಲಿಲ್ಲ. ಇದನ್ನು ಬೋರಲಿಂಗಯ್ಯ ಗಮನಿಸಿದ.

"ಜೀವ ಇತ್ತು ಅಂಕಲ್."

"ಇತ್ತು."

"ಗಂಧಕ ಇರಲಿಲ್ಲ. ಬ್ಯಾಚ್ ಪೂರ್ತಿ ಆಗಿತ್ತು. ಸಾಯಿಸದೇ ಇರೋ ನಿಕ್ಕಲ್‌ನ ಬಿಟ್ಟು ಮನೆಗೆ ಬಂದ್ರಿ."

"ನಿಕ್ಕಲ್ ಸಾಯ್ಸೋ ಆ್ಯಸಿಡ್ ಮುಗಿದಿತ್ತು. ಮುಂಜಾನಿ ಹೋಗಿ ನಾನ ತೊಳೀಬೇಕು ಅಂದ್ಕೊಂಡಿದ್ದೆ. ನೀರಿನಾಗ ಇಟ್ಟು ಬಂದಿದ್ದೆ, ನೀರಿನಾಗ ಇದ್ರ ಏನೂ ಆಗಂಗಿಲ್ಲ." ಅವರು ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು. ಬೋಳು ತಲೆಯಲ್ಲಿ ಅವರು ಒಮ್ಮೆಲೇ ಮುದುಕರಂತೆ ಕಂಡರು. "ಮರುದಿನ ಮುಂಜಾನಿ ಆ ಹುಡುಗ ಇಲ್ಲಿಗೆ ಫೋನ್ ಮಾಡಿದ್ದ. ಕ್ಯಾಟಲಿಸ್ಟ್ ಸತ್ತದೇನು, ತೆಗೀಲೇನು ಅಂತ. ನಾನು ಸತ್ತೈತಿ ಅಂದೆ. ನಿದ್ದಿಗಣ್ಣಿನಾಗ. ಆತಲ್ಲ? ಬರಕೋ. ನನ್ನ ಹೆಸರು ಬರಕೊಂಡು ಎದ್ದು ಹೋಗು."

ಇದಕ್ಕಾಗಿಯೇ ಬಂದಿದ್ದು. ಸಿಕ್ಕಿತ್ತು. ಆದರೂ ಬೋರಲಿಂಗಯ್ಯ ಪೆನ್ನು ತೆಗೆಯಲಿಲ್ಲ. ನಿಕ್ಕಲ್‌ನೊಡನೆ ಇಷ್ಟು ವರ್ಷ ಬಾಳಿದವನು ನಿದ್ದೆಗಣ್ಣಿನಲ್ಲಿಯೂ ಆ ಮಾತು ಆಡುವವನಲ್ಲ. ಗಾಯ ಕೆರೆದವನು ರಕ್ತ ಬರುವ ಮೊದಲೇ ಪಟ್ಟಿ ಚಾಚಿದ ಹಾಗಿತ್ತು ಆ ಒಪ್ಪಿಗೆ.

"ಅವರು ಹೇಳಲಿಲ್ರಿ."

ಪದ್ಮಜಾ ಡೆಕ್ಕಿಗೆ ಇಳಿದು ಬಂದಿದ್ದರು.

"ಪದ್ಮಾ, ಒಳಗ ನಡಿ."

"ಇಲ್ರಿ. ಸಾಕಾತು ನನಗ. ರಾತ್ರಿಯೆಲ್ಲ ಆ ಹುಡುಗಿ ಮುಖ ಕಣ್ಣಮುಂದ ಬರ್ತದ." ಅವರು ಬೋರಲಿಂಗಯ್ಯನ ಕಡೆ ತಿರುಗಿದರು. "ಫೋನ್ ತಗೊಂಡಾಕಿ ನಾನು. ಇವರು ಪೂಜಿಗೆ ಕೂತಿದ್ರು. ಲಿಂಗ ಅಂಗೈಯಾಗ ಹಿಡಕೊಂಡ್ರ ಮುಗಿಯೋತನಕ ಮಾತಾಡಂಗಿಲ್ಲ, ಮನಿಗೆ ಬೆಂಕಿ ಬಿದ್ರೂ..."

ಆಡಿದ ಮಾತು ತಮಗೇ ಕೇಳಿಸಿ ಅವರು ತಡವರಿಸಿದರು.

"ಹೇಳಿ ಆಂಟಿ."

"ಶ್ರೀನಿ ಕೇಳಿದ, ಆಂಟಿ, ಅಂಕಲ್‌ನ ಒಂದ ಮಾತು ಕೇಳ್ರಿ, ಸತ್ತದ ಅಲ್ಲ, ಫಿಲ್ಟರ್ ತೆಗೀಲೇನು ಅಂತ. ನಾ ದೇವರ ಮನಿ ಬಾಗಿಲಿಗೆ ಬಂದು ಕೇಳಿದೆ. ಇವರು ಕಣ್ಣು ಮುಚ್ಚಿದ್ರು. ಬ್ಯಾಡ ಅನ್ನೋದಿದ್ರ ಪೂಜಿಯಾಗ ಇದ್ರೂ ಗಂಟಲು ಕೆಮ್ಮಿ ತಲಿ ಅಲ್ಲಾಡಿಸ್ತಾರ. ಇಷ್ಟು ವರ್ಷದಾಗ ಒಂದಿನಾನೂ ತಪ್ಪಿಲ್ಲ. ಹಾಲು ತರ್ಲೇನು, ಬಿಲ್ ಕಟ್ಲೇನು, ಮಗಳಿಗೆ ಕಾರು ಕೊಡ್ಲೇನು, ಎಲ್ಲಾ ಹಂಗ ಕೇಳ್ತಿದ್ದೆ. ಅವತ್ತು ಕೆಮ್ಮಲಿಲ್ಲ. ನಾ ಹೋಗಿ ಹೂಂ ಅಂದೆ. ತೆಗೀಪಾ, ಅಂಕಲ್ ಹೂಂ ಅಂದಾರ ಅಂತ ಹೇಳಿದೆ."

ಒಂದು ಮನೆಯ ಅಡುಗೆಮನೆಯಿಂದ ದೇವರ ಕೋಣೆಗಿದ್ದ ಅಷ್ಟು ದೂರದಲ್ಲಿ ಒಬ್ಬ ಮನುಷ್ಯನ ಮೈ ಬೆಂದುಹೋಗಿತ್ತು.

"ಆಕಿ ಹೆಸರು ಬರೀಬ್ಯಾಡ." ನಾಗಲಿಂಗಪ್ಪನವರ ದನಿ ತಗ್ಗಿತ್ತು. "ಸಿಗರೇಟಿಂದು ಯಾಕ ಹೇಳಿದೆ ಅಂತ ಈಗ ತಿಳೀತಲ್ಲ? ಆಕಿಗೆ ಏನು ಗೊತ್ತು ಸತ್ತದ್ದು, ಬದುಕಿದ್ದು? ನಾ ಹೇಳಿದೆ ಅಂತ ಬರಿ. ಪೊಲೀಸರ ಮುಂದೂ ಅದನ್ನ ಹೇಳ್ತೀನಿ."

ಪದ್ಮಜಾ ಅಳತೊಡಗಿದರು. ಸದ್ದಿಲ್ಲದ ಅಳು. "ನೀ ಬಾಯಿ ಬಿಡಬ್ಯಾಡ, ನಾ ಎಲ್ಲಾ ನೋಡ್ಕೋತೀನಿ ಅಂದಿದ್ರು. ಅಂಥಾ ಮನಷ್ಯಾ ಇವರು. ನನ್ನ ತಪ್ಪಿಗೆ ಇವರು..."

ನಾಗಲಿಂಗಪ್ಪ ಹೆಂಡತಿಯ ಮಣಿಕಟ್ಟು ಹಿಡಿದರು. ನೋಡಿದವರ ಮನಸ್ಸು ಕರಗುವಂಥ ದೃಶ್ಯ. ಬೋರಲಿಂಗಯ್ಯನ ಮನಸ್ಸೂ ಕರಗಿತು. ಎದ್ದು ಹೋಗಿಬಿಡೋಣವೆನ್ನಿಸಿತು. ಗಾಜಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಊಟದ ಮೇಜು, ಮೂರು ಕುರ್ಚಿ, ಗೋಡೆಯ ಮೇಲೆ ಹಳದಿ ಟೆಲಿಫೋನು. ಮೇಜಿನ ತುದಿಯ ಕುರ್ಚಿಯಲ್ಲಿ ಕುಳಿತವರಿಗೆ ಏಳದೆಯೇ ಕೈಗೆ ಸಿಗುವಷ್ಟು ಹತ್ತಿರ.

ಅವನು ಕುಳಿತೇ ಇದ್ದ.

"ಆಂಟಿ, ಅಂಕಲ್ ಪೂಜೆ ಮುಗಿಸಿ ಎದ್ರಲ್ಲ. ಶ್ರೀನಿ ಫೋನ್ ಮಾಡಿದ್ದು ಅವರಿಗೆ ಯಾವಾಗ ಹೇಳಿದ್ರಿ?"

"ಆವಾಗನ ಹೇಳಿದೆ." ಅವರು ಕಣ್ಣೊರೆಸಿಕೊಂಡರು. "ನಾಷ್ಟಾ ಬಡಿಸೋವಾಗ. ಶ್ರೀನಿ ಕೇಳಿದ್ದ, ನಾ ಹೂಂ ಅಂತ ಹೇಳೀನ್ರಿ, ಸರಿ ಹೌದಲ್ಲ ಅಂದೆ."

"ಅವರೇನಂದ್ರು?"

"ಪದ್ಮಾ," ಎಂದರು ನಾಗಲಿಂಗಪ್ಪ.

"ಏನೂ ಅನ್ನಲಿಲ್ಲ. ಸುಮ್ಮನ ಕೂತಿದ್ರು. ಅವತ್ತು ಇನ್ನೊಂದು ದೋಸೆ ಹಾಕಿಸ್ಕೊಂಡ್ರು. ಆ ತುದಿ ಕುರ್ಚಿಯಾಗ, ಫೋನಿನ ಬಾಜೂಕ..."

ಪದ್ಮಜಾ ತಿರುಗಿ ಗಾಜಿನ ಬಾಗಿಲಿನ ಒಳಗೆ ನೋಡಿದರು. ಅಲ್ಲಿಂದ ಗಂಡನ ಮುಖ ನೋಡಿದರು. ಅವರ ಅಳು ನಿಂತುಹೋಯಿತು. ಗಂಡನ ಹಿಡಿತದಲ್ಲಿದ್ದ ಮಣಿಕಟ್ಟನ್ನು ಮೆಲ್ಲಗೆ ಬಿಡಿಸಿಕೊಂಡರು.

ಸೋಸುಯಂತ್ರ ಹಾಗೆ ಹೇಳಿದೊಡನೆ ತೆರೆಯುವಂಥದ್ದಲ್ಲ. ನೀರು ಬಸಿಯಬೇಕು, ನೈಟ್ರೋಜನ್ ಊದಬೇಕು, ಸುತ್ತಲಿನ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಬೇಕು. ಎಷ್ಟೇ ಚುರುಕಿನ ಕೈಯಾದರೂ ಒಂದು ಗಂಟೆ ಬೇಕು. ದೋಸೆಯ ಹೊತ್ತಿಗೆ ಅದು ಇನ್ನೂ ತೆರೆದಿರಲು ಸಾಧ್ಯವಿರಲಿಲ್ಲ. ಆ ಯಂತ್ರವನ್ನು ಕೂರಿಸಿದ ಮನುಷ್ಯನಿಗೆ ಇದು ಬೇರೆಯವರಿಂದ ತಿಳಿಯಬೇಕಾದ ವಿಷಯವಲ್ಲ.

"ಅಂಕಲ್," ಬೋರಲಿಂಗಯ್ಯ ಕೇಳಿದ, "ದೋಸೆ ತಿನ್ನೋವಾಗ ಯಾಕೆ ಫೋನ್ ಎತ್ಲಿಲ್ಲ?"

ನಾಗಲಿಂಗಪ್ಪ ಟೋಪಿಯನ್ನು ತಲೆಗೆ ಹಾಕಿಕೊಂಡರು. ಗೋರೆಯನ್ನು ಕೈಗೆ ತೆಗೆದುಕೊಂಡರು. ಅವರು ಹಿತ್ತಿಲಿಗಿಳಿದು ಎಲೆಗಳ ಗುಡ್ಡೆಯ ಮುಂದೆ ಬೆನ್ನು ಹಾಕಿ ನಿಂತದ್ದನ್ನು ಡೆಕ್ಕಿನ ಮೇಲಿದ್ದ ಇಬ್ಬರೂ ನೋಡಿದರು.

ತೆಗೀಬ್ಯಾಡ ಎಂಬ ಒಂದು ಮಾತು ಸಾಕಾಗಿತ್ತು. ಅಂದು ಬೆಳಿಗ್ಗೆ, ಬಾಯಿ ಬಿಡುವುದಕ್ಕೆ ಯಾವ ವ್ರತವೂ ಅಡ್ಡಿಯಿಲ್ಲದಿದ್ದ ಆ ಹೊತ್ತಿನಲ್ಲಿ, ನಾಗಲಿಂಗಪ್ಪ ಅದನ್ನು ಹೇಳಲಿಲ್ಲ.